ಸ್ಟ್ರ್ಯಾಂಡ್ ಬೀದಿಯ ನಗ್ನಪ್ರತಿಮೆಗಳು

೧

ಲಂಡನ್ ನಗರದ ಸ್ಟ್ರ್ಯಾಂಡ್ ಎಂಬ ರಾಜಬೀದಿಗೆ ಏಗರ್ ಬೀದಿಯು ಬಂದು ಸೇರುವ ಮೂಲೆಯಲ್ಲಿ ಒಂದು ಕಲ್ಲಿನ ಕಟ್ಟಡವಿದೆ. ಅದರ ಮೇಲಂತಸ್ತಿನ ಕಿಟಕಿಗಳ ಮಗ್ಗುಲಲ್ಲಿ, ಎರಡು ಬೀದಿಗಳ ಕಡೆಗೂ, ಆಳೆತ್ತರವನ್ನು ಮೀರಿದ ೧೮ ಪ್ರತಿಮೆಗಳು ನಿಂತಿವೆ. ಅವುಗಳಲ್ಲಿ ಹಲವಕ್ಕೆ ಮುಖವಿಲ್ಲ, ಹಲವಕ್ಕೆ ಕೈಗಳಿಲ್ಲ, ಪಾದಗಳಿಲ್ಲ. ದೂರದಿಂದ ನೋಡಿದವರಿಗೆ ಇವು ಎಲ್ಲಿಂದಲೋ ಅಗೆದು ತಂದು ನಿಲ್ಲಿಸಿದ ಪುರಾತನ ಭಗ್ನಶಿಲ್ಪಗಳಂತೆ ತೋರಬಹುದು. ವಸ್ತುಸ್ಥಿತಿ ಹಾಗಿಲ್ಲ. ಇವು ಮೂಡಿದ್ದು ೧೯೦೭-೦೮ರಲ್ಲಿ. ಇವುಗಳ ಕರ್ತೃ ಜೇಕಬ್ ಎಪ್‌ಸ್ಟೈನ್ (೧೮೮೦-೧೯೫೯) ಎಂಬ ಶಿಲ್ಪಿ. ಇವು ಭಗ್ನವಾದದ್ದು ೧೯೩೭ರಲ್ಲಿ. ಆಗ ಶಿಲ್ಪಿಯು ಅದೇ ನಗರದಲ್ಲಿ ಬದುಕಿದ್ದು ಕೆಲಸ ಮಾಡುತ್ತಿದ್ದನು. ಊರಿನ ಮೇಲೆ ಯಾವ ದಂಡೂ ಬಿದ್ದಿರಲಿಲ್ಲ, ಭೂಕಂಪವೂ ಆಗಿರಲಿಲ್ಲ. ಕಟ್ಟಡದ ಒಡೆಯರೇ ಆಳುಗಳನ್ನು ಗೊತ್ತುಮಾಡಿ, ಸಾರುವೆ ಕಟ್ಟಿಸಿ, ಉಳಿ ಸುತ್ತಿಗೆಗಳಿಂದ ಒಡೆಯಿಸಿದರು.

ಹೀಗೇಕಾಯಿತೆಂಬ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರವು ಒಂದೇ: ಪ್ರತಿಮೆಗಳು ನಗ್ನವಾಗಿದ್ದುವು, ಆ ಕಾಲದ ಆಂಗ್ಲಜನರು ನಗ್ನತೆಯನ್ನು ಸಹಿಸಲಾರದೆ ಹೋದರು. ಈ ಉತ್ತರವು ಸುಳ್ಳಲ್ಲವಾದರೂ ಸಾಲದು. ನಗ್ನಶಿಲ್ಪವನ್ನು ಆ ನಗರವು ಎಪ್‌ಸ್ಟೈನನಿಗಿಂತ ಬಹು ಮೊದಲೇ ಬಲ್ಲದು. ಬಲ್ಲುದಷ್ಟೇ ಅಲ್ಲ, ಗೌರವದಿಂದ ಸಾಕಿಕೊಂಡೂ ಬಂದಿದ್ದಿತು. ಆದುದರಿಂದ ನಿಜವಾದ ಪ್ರಶ್ನೆಯು ನಗ್ನತೆಯನ್ನು ಕುರಿತದ್ದಲ್ಲ. ಯಾರ ನಗ್ನತೆ, ಎಲ್ಲಿಯ ನಗ್ನತೆ ಎಂಬುದನ್ನು ಕುರಿತದ್ದು. ಇದನ್ನು ಈ ೧೮ ಪ್ರತಿಮೆಗಳ ಚರಿತ್ರೆಯಿಂದಲೇ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಆ ನಗರದ ಅಭ್ಯಾಸವನ್ನು ನೋಡೋಣ. ಅಥೆನ್ಸಿನ ಪಾರ್ಥೆನಾನ್ ದೇವಾಲಯದಿಂದ ತಂದ ಎಲ್ಜಿನ್ ಶಿಲ್ಪಗಳನ್ನು ಬ್ರಿಟಿಷ್ ಸರ್ಕಾರವು ೧೮೧೬ರಲ್ಲಿ ಕೊಂಡು ಬ್ರಿಟಿಷ್ ಮ್ಯೂಸಿಯಂನಲ್ಲಿ ಇರಿಸಿದ್ದಿತು. ಅವುಗಳಲ್ಲಿ ನಗ್ನರೂಪಗಳು ಬೇಕಾದಷ್ಟಿವೆ. ಚಿತ್ರಕಲೆಯ ವಿದ್ಯಾರ್ಥಿಗಳು ಅವನ್ನು ನೋಡಿ ಬರೆದೇ ಕೈ ತಿದ್ದಿಕೊಳ್ಳುತ್ತಿದ್ದರು. ೧೮೨೨ರಲ್ಲಿ ವೆಲಿಂಗ್ಟನ್ ಪ್ರಭುವಿನ ಗೌರವಾರ್ಥವಾಗಿ ಹೈಡ್ ಪಾರ್ಕಿನಲ್ಲಿ ರಿಚರ್ಡ್ ವೆಸ್ಟ್‌ಮಕಾಟನು ಎರಕಹೊಯ್ದ ಅಕಿಲೀಸನ ಕಂಚಿನ ಪ್ರತಿಮೆಯು ನಿಂತಿತು. ಅದು ಬಯಲಿನಲ್ಲಿ ನಿಂತ ನಗ್ನಪುರುಷನ ಮಹಾಮೂರ್ತಿ; ಅದಕ್ಕೆ ಬೇಕಾದ ಹಣವನ್ನು ಚಂದಾ ಎತ್ತಿ ಒದಗಿಸಿದವರು ಇಂಗ್ಲೆಂಡಿನ ಮಹಿಳೆಯರು. ಮರ್ಯಾದೆಗೆಂದು ಅದಕ್ಕೊಂದು ಅಂಜೂರದ ಎಲೆಯನ್ನು ಸೇರಿಸಲಾಯಿತು. ೧೮೫೭ರಲ್ಲಿ ಟಸ್ಕನಿಯ ದೊರೆಯು ಮೈಕೆಲ್ಯಾಂಜೆಲೊವಿನ ಡೇವಿಡ್ ಮೂರ್ತಿಯ ಗಾರೆಯ ಪ್ರತಿಕೃತಿಯೊಂದನ್ನು ವಿಕ್ಟೋರಿಯಾ ರಾಣಿಗೆ ಕಾಣಿಕೆಯಾಗಿ ಕಳುಹಿಸಿದನು. ಅದು ಸೌತ್ ಕೆನ್ಸಿಂಗ್‌ಟನ್ನಿನ ಸಂಗ್ರಹಾಲಯವನ್ನು ಸೇರಿತು. ರಾಜವಂಶದ ಸ್ತ್ರೀಯರು ನೋಡಬಂದಾಗ ಉಪಯೋಗಕ್ಕಿರಲೆಂದು ಗಾರೆಯ ದೊಡ್ಡ ಎಲೆಯೊಂದನ್ನು ಮಾಡಿಸಿ, ಕೊಕ್ಕೆಗಳಿಂದ ತೂಗುಹಾಕುವ ಏರ್ಪಾಡಾಯಿತು. ಅತಿಥಿಗಳು ಹೊರಟುಹೋದ ಮೇಲೆ ಎಲೆಯನ್ನು ತೆಗೆದಿಡಬಹುದು.

ಈ ಕೊಕ್ಕೆಯ ಎಲೆಯು ಹಾಸ್ಯಾಸ್ಪದವೆಂದು ತೋರಿದರೂ ಅದರ ಹಿಂದೆ ಒಂದು ಸ್ಪಷ್ಟವಾದ ಒಪ್ಪಂದವಿದ್ದಿತು. ನಗ್ನರೂಪವು ಗ್ರೀಸಿನದಾಗಿರಬೇಕು, ಇಲ್ಲವೆ ಗ್ರೀಸಿನ ಹೆಸರನ್ನು ಹೊತ್ತಿರಬೇಕು. ದೇವತೆಯೋ ವೀರನೋ ಆಗಿರಬೇಕು. ಅದರ ಮೈ ನಯವಾಗಿ, ಯೌವನದಲ್ಲಿ ನಿಂತುಹೋಗಿರಬೇಕು. ಹೀಗಿದ್ದರೆ ಅದು ನೋಡುವವನ ಮೈಯಿಂದ ದೂರವಾಗಿ ಉಳಿಯುತ್ತದೆ. ಕೆನೆತ್ ಕ್ಲಾರ್ಕನು ೧೯೫೬ರಲ್ಲಿ ಪ್ರಕಟಿಸಿದ 'ದಿ ನ್ಯೂಡ್' ಎಂಬ ಗ್ರಂಥದಲ್ಲಿ, ಇಂಗ್ಲಿಷಿನ 'ನೇಕೆಡ್', 'ನ್ಯೂಡ್' ಎಂಬ ಎರಡು ಮಾತುಗಳ ಭೇದವನ್ನೇ ಹಿಡಿದು ಈ ವಿಷಯವನ್ನು ವಿಚಾರಮಾಡಿರುವನು. ಒಂದು ಬಟ್ಟೆಯನ್ನು ಕಳೆದುಕೊಂಡವನ ಸ್ಥಿತಿ. ಇನ್ನೊಂದು ಕಲೆಯು ರೂಪಿಸಿದ ದೇಹ. ಕನ್ನಡಿಗರಿಗೆ ಈ ಭೇದವು ಹೊಸದಲ್ಲ. ಶ್ರವಣಬೆಳಗೊಳದ ಗೊಮ್ಮಟನನ್ನು ದಿಗಂಬರನೆನ್ನುವೆವು. ಬತ್ತಲೆಯೆಂಬ ಮಾತು ಸಾಮಾನ್ಯವಾಗಿ ನಾಲಗೆಗೆ ಬರುವುದಿಲ್ಲ. ಆದರೆ ಲಂಡನ್ನಿನ ಬೀದಿಯಲ್ಲಿ ನಿಂತ ಎಪ್‌ಸ್ಟೈನನ ಪ್ರತಿಮೆಗಳಿಗೆ ವ್ರತದ ಬೆಂಬಲವೂ ಇರಲಿಲ್ಲ, ಪುರಾಣದ ಬೆಂಬಲವೂ ಇರಲಿಲ್ಲ.

೩

ಎಪ್‌ಸ್ಟೈನನು ನ್ಯೂಯಾರ್ಕ್ ನಗರದಲ್ಲಿ, ಪೋಲೆಂಡಿನಿಂದ ವಲಸೆ ಬಂದ ಯೆಹೂದ್ಯರ ಮನೆಯಲ್ಲಿ ಹುಟ್ಟಿದವನು. ಅಲ್ಲಿಯ ಯೆಹೂದ್ಯರ ಕೇರಿಯನ್ನು ಕುರಿತು ಹಚಿನ್ಸ್ ಹ್ಯಾಪ್‌ಗುಡ್ ಬರೆದ ಪುಸ್ತಕಕ್ಕೆ ಚಿತ್ರಗಳನ್ನು ಬರೆದುಕೊಟ್ಟು, ಆ ಹಣದಿಂದ ೧೯೦೨ರಲ್ಲಿ ಪ್ಯಾರಿಸ್ಸಿಗೆ ಹೋಗಿ ಶಿಲ್ಪವನ್ನು ಕಲಿತನು. ೧೯೦೫ರಲ್ಲಿ ಲಂಡನ್ನಿಗೆ ಬಂದು ನೆಲಸಿದನು. ಎರಡು ವರ್ಷಗಳ ಮೇಲೆ, ಇನ್ನೂ ಹೆಸರಿಲ್ಲದ ಈ ಯುವಕನಿಗೆ ಚಾರ್ಲ್ಸ್ ಹೋಲ್ಡನ್ ಎಂಬ ವಾಸ್ತುಶಿಲ್ಪಿಯು ಒಂದು ದೊಡ್ಡ ಕೆಲಸವನ್ನು ಒಪ್ಪಿಸಿದನು. ಬ್ರಿಟಿಷ್ ವೈದ್ಯಸಂಘವು ಸ್ಟ್ರ್ಯಾಂಡಿನಲ್ಲಿ ತನ್ನ ಮಂದಿರವನ್ನು ಕಟ್ಟಿಸುತ್ತಿದ್ದಿತು. ಅದರ ಹೊರಗೋಡೆಗೆ ೧೮ ಪ್ರತಿಮೆಗಳು ಬೇಕಾಗಿದ್ದುವು.

ವೈದ್ಯರ ಸಂಘಕ್ಕೆ ಪ್ರಸಿದ್ಧ ವೈದ್ಯರ ಮೂರ್ತಿಗಳನ್ನು ಮಾಡಿ ನಿಲ್ಲಿಸುವುದು ಸುಲಭವಾದ ದಾರಿ. ಗಡ್ಡ, ನಿಲುವಂಗಿ, ಕೈಯಲ್ಲೊಂದು ಪುಸ್ತಕ ಇದ್ದರಾಯಿತು. ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ, ಯಾರೂ ಆಕ್ಷೇಪಿಸುತ್ತಲೂ ಇರಲಿಲ್ಲ. ಎಪ್‌ಸ್ಟೈನನು ಈ ದಾರಿಯನ್ನು ಹಿಡಿಯಲಿಲ್ಲ. ವೈದ್ಯನ ವಿಷಯವು ಮನುಷ್ಯನ ದೇಹ. ಆ ದೇಹವು ಹುಟ್ಟುತ್ತದೆ, ಬೆಳೆಯುತ್ತದೆ, ಬಸಿರಾಗುತ್ತದೆ, ಮುಪ್ಪಾಗುತ್ತದೆ. ಸ್ತ್ರೀಪುರುಷರ ಬಾಳಿನ ಈ ಮೂಲಸಂಗತಿಗಳನ್ನೇ ಕಲ್ಲಿನಲ್ಲಿ ನಿಲ್ಲಿಸಬೇಕೆಂಬುದು ಅವನ ಸಂಕಲ್ಪ. ಅಮೆರಿಕದ ಕವಿ ವಾಲ್ಟ್ ವ್ಹಿಟ್‌ಮನ್ನನು ಅವನಿಗೆ ಎಳೆತನದಿಂದಲೂ ಪ್ರಿಯನಾಗಿದ್ದವನು. ದೇಹದ ಪ್ರತಿಯೊಂದು ಅಂಗವನ್ನೂ ಸಂಕೋಚವಿಲ್ಲದೆ ಹೆಸರಿಸಿ ಕೊಂಡಾಡಿದ ಆ ಕಾವ್ಯದ ನಿಲುವು ಈ ಯೋಜನೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಪ್ರತಿಮೆಗಳನ್ನು ಮೊದಲು ಜೇಡಿಮಣ್ಣಿನಲ್ಲಿ ರೂಪಿಸಿ, ಗಾರೆಯ ಅಚ್ಚು ತೆಗೆದು, ಅನಂತರ ಪೋರ್ಟ್‌ಲ್ಯಾಂಡ್ ಕಲ್ಲಿನಲ್ಲಿ ಇಳಿಸಲಾಯಿತು. ಅವುಗಳ ಎತ್ತರ ಸುಮಾರು ೭ ಅಡಿ. ಅವುಗಳಲ್ಲಿ ಬಟ್ಟಲನ್ನೂ ಸರ್ಪವನ್ನೂ ಧರಿಸಿದ ಆರೋಗ್ಯದೇವತೆ ಹೈಜೀಯಳಿದ್ದಳು, ರಸಾಯನಶೋಧಕನಿದ್ದನು, ತೋಳುಗಳನ್ನು ಮೇಲೆತ್ತಿದ ತರುಣನಿದ್ದನು. ಒಬ್ಬ ಪುರುಷನು ಹಿಡಿದ ಕಲ್ಲಿನ ಗುಂಡಿನಲ್ಲಿ ಶಿಶುವಿನ ಆಕಾರವು ಇನ್ನೂ ಮಸುಕಾಗಿ ಮೂಡುತ್ತಿದ್ದಿತು. ಒಬ್ಬ ಮುದುಕಿಯು ಆಗತಾನೆ ಹುಟ್ಟಿದ ಕೂಸನ್ನು ಎತ್ತಿಕೊಂಡಿದ್ದಳು. ತಾಯ್ತನವೆಂಬ ಹೆಸರಿನ ಸ್ತ್ರೀಪ್ರತಿಮೆಯೂ ಇದ್ದಿತು. ಈ ಸಾಲಿನಲ್ಲಿ ಅಪಾಲೊ ಇರಲಿಲ್ಲ, ವೀನಸ್ ಇರಲಿಲ್ಲ. ಹೈಜೀಯಳೊಬ್ಬಳನ್ನು ಬಿಟ್ಟರೆ ಉಳಿದವರಿಗೆ ಪುರಾಣದಲ್ಲಿ ವಿಳಾಸವೇ ಇರಲಿಲ್ಲ.

೪

೧೯೦೮ರ ಜೂನ್ ತಿಂಗಳಲ್ಲಿ ಕೆಲವು ಪ್ರತಿಮೆಗಳ ಮುಂದಿನ ಸಾರುವೆಯನ್ನು ಬಿಚ್ಚಿದಾಗ ಗಲಭೆಯು ಮೊದಲಾಯಿತು. ಬೀದಿಯ ಎದುರು ಬದಿಯಲ್ಲಿಯೇ 'ನ್ಯಾಷನಲ್ ವಿಜಿಲೆನ್ಸ್ ಅಸೋಸಿಯೇಷನ್' ಎಂಬ, ಸಾರ್ವಜನಿಕ ನೀತಿಯನ್ನು ಕಾಯಲೆಂದು ೧೮೮೫ರಲ್ಲಿ ಸ್ಥಾಪಿತವಾದ ಸಂಸ್ಥೆಯ ಕಚೇರಿಯಿದ್ದಿತು. ಆ ಸಂಸ್ಥೆಯು ಆಕ್ಷೇಪಿಸಿತು. 'ಈವನಿಂಗ್ ಸ್ಟ್ಯಾಂಡರ್ಡ್' ಪತ್ರಿಕೆಯು ಮೊದಲ ಪುಟದಲ್ಲಿಯೇ ವಿಷಯವನ್ನು ಎತ್ತಿಕೊಂಡಿತು. ಬೀದಿಯಲ್ಲಿ ಜನ ಗುಂಪುಗೂಡಿ ಮೇಲೆ ನೋಡತೊಡಗಿದರು.

ಪತ್ರಿಕೆಯ ವಾದವನ್ನು ಇಲ್ಲಿ ಗಮನವಿಟ್ಟು ನೋಡಬೇಕು. ನಗ್ನಶಿಲ್ಪವೇ ಕೂಡದೆಂದು ಅದು ಹೇಳಲಿಲ್ಲ. ಕಲಾಶಾಲೆಗೆ ಹೋಗುವವನು ಅಲ್ಲಿ ಏನಿರುವುದೆಂದು ಬಲ್ಲವನಾಗಿ, ಮನಸ್ಸನ್ನು ಸಿದ್ಧಪಡಿಸಿಕೊಂಡೇ ಹೋಗುವನು. ಬೀದಿಯಲ್ಲಿ ನಡೆಯುವವನು ಹಾಗಲ್ಲ, ಅಲ್ಲಿ ಎಲ್ಲ ವಯಸ್ಸಿನವರೂ ಎಲ್ಲ ವರ್ಗದವರೂ ಓಡಾಡುವರು ಎಂಬುದು ಅದರ ತಾತ್ಪರ್ಯ. ಮನೆಯ ಯಜಮಾನನು ತನ್ನ ಮಗಳ ಕಣ್ಣಿಗೆ ಬೀಳಲೆಂದು ಬಯಸದಂಥ ರೂಪಗಳಿವು ಎಂದು ಅದು ದೂರಿತು. ಎಂದರೆ, ಆಕ್ಷೇಪಣೆಯ ಮೊದಲನೆಯ ಎಳೆ ಸ್ಥಳವನ್ನು ಕುರಿತದ್ದು. ಮ್ಯೂಸಿಯಂನ ಬಾಗಿಲು ನೋಡುವವನನ್ನು ಸೋಸಿ ಒಳಗೆ ಬಿಡುತ್ತದೆ. ಬೀದಿಗೆ ಬಾಗಿಲಿಲ್ಲ.

ಆದರೆ ಅಕಿಲೀಸನೂ ಬಯಲಿನಲ್ಲಿಯೇ ನಿಂತಿದ್ದನಲ್ಲವೆ? ಇಲ್ಲಿ ಎರಡನೆಯ ಎಳೆಯು ಕಾಣುತ್ತದೆ. ಅಕಿಲೀಸನು ಯಾರ ನೆರೆಯವನೂ ಅಲ್ಲ. ಎಪ್‌ಸ್ಟೈನನ ಮುದುಕಿಯು ಮಾತ್ರ ಆ ಬೀದಿಯಲ್ಲಿ ನಡೆದುಹೋಗುವ ಯಾವ ಮುದುಕಿಯಾದರೂ ಆಗಬಹುದು. ಆಕೆಯ ಜೋಲುಬಿದ್ದ ಮೈಯಾಗಲಿ, ತಾಯಿಯಾಗಲಿರುವ ಹೆಂಗಸಿನ ಉಬ್ಬಿದ ಒಡಲಾಗಲಿ ಆಶೆಯನ್ನು ಕೆರಳಿಸುವಂಥವಲ್ಲ. ನಮ್ಮೆಲ್ಲರ ಸ್ಥಿತಿಯನ್ನು ನೆನಪಿಸುವಂಥವು. ಅಶ್ಲೀಲವೆಂಬ ದೂರು ಹೆಚ್ಚಾಗಿ ಕಾಮೋದ್ದೀಪನದ ಹೆಸರಿನಲ್ಲಿ ಬರುವುದು ವಾಡಿಕೆ. ಇಲ್ಲಿ ಜನರನ್ನು ಕಲಕಿದ್ದು ಅದಲ್ಲ. ವಯಸ್ಸು, ಬಸಿರು, ಹುಟ್ಟು ಇವು ಮರೆಯಿಲ್ಲದೆ ಕಾಣಿಸಿಕೊಂಡದ್ದು. ಮನೆಯೊಳಗಿನ ಸೂತಿಕಾಗೃಹದ ಸಂಗತಿಯು ಬೀದಿಯ ಗೋಡೆಗೆ ಬಂದು ನಿಂತದ್ದೇ ಅಪರಾಧವಾಯಿತು.

ಶಿಲ್ಪಿಯ ಪರವಾಗಿಯೂ ಪ್ರಬಲರಾದವರು ನಿಂತರು. 'ಟೈಮ್ಸ್' ಪತ್ರಿಕೆಯು ಅವನ ಪಕ್ಷವನ್ನು ವಹಿಸಿತು. ಸ್ಟೆಪ್ನಿಯ ಬಿಷಪ್ಪನಾಗಿದ್ದ, ಮುಂದೆ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪನಾದ, ಕಾಸ್ಮೊ ಗಾರ್ಡನ್ ಲ್ಯಾಂಗನು ತಾನೇ ಸಾರುವೆಯ ಏಣಿಗಳನ್ನು ಹತ್ತಿಹೋಗಿ, ಪ್ರತಿಮೆಗಳನ್ನು ಹತ್ತಿರದಿಂದ ಪರೀಕ್ಷಿಸಿ, ಅವುಗಳಲ್ಲಿ ಅಸಭ್ಯವಾದುದೇನೂ ಇಲ್ಲವೆಂದನು. ವೈದ್ಯಸಂಘವು ಬಲ್ಲವರ ಅಭಿಪ್ರಾಯವನ್ನು ಕೇಳಿ, ಕೆಲಸವನ್ನು ಮುಂದುವರಿಸುವಂತೆ ತೀರ್ಮಾನಿಸಿತು. ಹೀಗೆ ದೇಹವನ್ನು ದಿನವೂ ನೋಡುವ ವೈದ್ಯರೂ ಆತ್ಮವನ್ನು ಕಾಯುವ ಪಾದ್ರಿಯೂ ಒಮ್ಮತಕ್ಕೆ ಬಂದುದರಿಂದ ಪ್ರತಿಮೆಗಳು ಆಗ ಉಳಿದುವು.

೫

ಇದು ಆಂಗ್ಲರ ಮಡಿವಂತಿಕೆ ಮಾತ್ರವೆಂದು ಹೇಳುವವರಿಗೆ ಪ್ಯಾರಿಸ್ಸಿನ ಸಂಗತಿಯು ಉತ್ತರಕೊಡುತ್ತದೆ. ೧೯೦೮ರ ಕೊನೆಯಲ್ಲಿ ಆಸ್ಕರ್ ವೈಲ್ಡನ ಸಮಾಧಿಶಿಲ್ಪವನ್ನು ರಚಿಸುವ ಕೆಲಸವು ಎಪ್‌ಸ್ಟೈನನಿಗೆ ಒದಗಿತು. ಸುಮಾರು ೨೦ ಟನ್ ತೂಕದ ಹಾಪ್ಟನ್‌ವುಡ್ ಕಲ್ಲಿನಲ್ಲಿ ಅವನು ರೆಕ್ಕೆಗಳುಳ್ಳ ನಗ್ನಪುರುಷನೊಬ್ಬನು ಹಾರಿಹೋಗುತ್ತಿರುವ ರೂಪವನ್ನು ಕಡೆದನು. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಅಸ್ಸೀರಿಯದ ರೆಕ್ಕೆಯ ವೃಷಭಗಳ ನೆನಪು ಅದರಲ್ಲಿ ಸ್ಪಷ್ಟವಾಗಿದೆ. ೧೯೧೨ರಲ್ಲಿ ಅದು ಪೇರ್ ಲಾಶೇಸ್ ರುದ್ರಭೂಮಿಯನ್ನು ಸೇರಿದಾಗ, ಕಲೆಯ ರಾಜಧಾನಿಯೆಂದು ಹೆಸರಾದ ಆ ನಗರದ ಅಧಿಕಾರಿಗಳೇ ಅದರ ಮೇಲೆ ಕಿತ್ತಾನನ್ನು ಹೊದಿಸಿದರು. ಮುಂದೆ ಅದರ ಜನನೇಂದ್ರಿಯದ ಮೇಲೆ ಕಂಚಿನ ತಗಡೊಂದನ್ನು ಕೂರಿಸಲಾಯಿತು. ಎಪ್‌ಸ್ಟೈನನು ಈ ತೇಪೆಯನ್ನು ಒಪ್ಪಲಿಲ್ಲ. ೧೯೬೧ರಲ್ಲಿ ಆ ಭಾಗವನ್ನೇ ಯಾರೋ ಒಡೆದುಹಾಕಿದರು. ಊರು ಯಾವುದಾದರೇನು, ಗ್ರೀಸಿನ ಗುರುತುಚೀಟಿಯಿಲ್ಲದ ನಗ್ನರೂಪಕ್ಕೆ ದೊರೆತ ಸ್ವಾಗತ ಒಂದೇ ಬಗೆಯದು.

ಇದೇ ಕಾಲದಲ್ಲಿ ಎಪ್‌ಸ್ಟೈನನ ಕಣ್ಣು ಗ್ರೀಸನ್ನು ಬಿಟ್ಟು ಬೇರೆ ಶಿಲ್ಪಪರಂಪರೆಗಳ ಕಡೆಗೆ ಹೊರಳುತ್ತಿದ್ದಿತು. ಅವುಗಳಲ್ಲಿ ಭಾರತದ್ದೂ ಒಂದು. ಭಾರತೀಯ ಶಿಲ್ಪದ ಯೋಗ್ಯತೆಯನ್ನು ಕುರಿತು ಲಂಡನ್ನಿನಲ್ಲಿ ಆಗ ಬಿರುಸಾದ ಚರ್ಚೆಯು ನಡೆಯುತ್ತಿದ್ದಿತು. ೧೯೧೦ರ ಜನವರಿಯಲ್ಲಿ ಹ್ಯಾವೆಲನು ಓದಿದ ಪ್ರಬಂಧದ ಸಭೆಗೆ ಅಧ್ಯಕ್ಷನಾಗಿದ್ದ ಸರ್ ಜಾರ್ಜ್ ಬರ್ಡ್‌ವುಡ್ ಎಂಬವನು ಜಾವದ ಬುದ್ಧಮೂರ್ತಿಯೊಂದನ್ನು ಬೇಯಿಸಿದ ಕಡುಬಿಗೆ ಹೋಲಿಸಿದನು. ಅದರಿಂದ ಕೆರಳಿದ ಕಲಾವಿದರೂ ವಿದ್ವಾಂಸರೂ ಸೇರಿ 'ಇಂಡಿಯಾ ಸೊಸೈಟಿ'ಯನ್ನು ಕಟ್ಟಿದರು. ಅವರಲ್ಲಿ ಪ್ರಮುಖನಾದ ವಿಲಿಯಂ ರಾಥೆನ್‌ಸ್ಟೈನನು ಎಪ್‌ಸ್ಟೈನನಿಗೆ ಲಂಡನ್ನಿನ ಮೊದಲ ದಿನಗಳಲ್ಲಿ ಆಸರೆಯಾಗಿದ್ದವನು. ಆ ವರ್ಷವೇ ಎಪ್‌ಸ್ಟೈನನು ಕಡೆಯತೊಡಗಿ ಅರ್ಧಕ್ಕೆ ಬಿಟ್ಟ 'ತಾಯ್ತನ' ಎಂಬ ಇನ್ನೊಂದು ಪ್ರತಿಮೆಯಲ್ಲಿ, ಗರ್ಭಿಣಿಯ ದುಂಡಾದ ಸ್ತನಗಳನ್ನೂ ಬಾಗಿದ ನಿಲುವನ್ನೂ ಕಂಡು ಕಲೆಯ ಚರಿತ್ರಕಾರರು ಭಾರತೀಯ ಶಿಲ್ಪದ ಪ್ರಭಾವವನ್ನು ಗುರುತಿಸಿರುವರು. ಫಲವತಿಯಾದ ದೇಹವನ್ನು ಮಂಗಳವೆಂದು ಭಾವಿಸಿ ದೇವಾಲಯದ ಹೊರಗೋಡೆಯ ಮೇಲೆಯೇ ನಿಲ್ಲಿಸಿದ ಒಂದು ಪರಂಪರೆಯು, ಹೊರಗೋಡೆಯ ಮೇಲೆ ಗರ್ಭಿಣಿಯನ್ನು ನಿಲ್ಲಿಸಿ ಬೈಸಿಕೊಂಡವನಿಗೆ ಹತ್ತಿರವಾದದ್ದು ಆಶ್ಚರ್ಯವಲ್ಲ.

೬

ವೈದ್ಯಸಂಘವು ೧೯೨೫ರಲ್ಲಿ ಟ್ಯಾವಿಸ್ಟಾಕ್ ಚೌಕದ ಹೊಸ ಮಂದಿರಕ್ಕೆ ಹೋಯಿತು. ಅದೇ ವರ್ಷ ಹೈಡ್ ಪಾರ್ಕಿನಲ್ಲಿ ಎಪ್‌ಸ್ಟೈನನ 'ರೀಮಾ' ಎಂಬ ಉಬ್ಬುಶಿಲ್ಪವು ನಿಂತು, ಕೆಲವೇ ತಿಂಗಳುಗಳಲ್ಲಿ ಕಿಡಿಗೇಡಿಗಳು ಅದಕ್ಕೆ ಹಸಿರು ಬಣ್ಣವನ್ನು ಬಳಿದಿದ್ದರು. ಸ್ಟ್ರ್ಯಾಂಡಿನ ಕಟ್ಟಡವನ್ನು ೧೯೩೫ರಲ್ಲಿ ದಕ್ಷಿಣ ರೊಡೇಷಿಯದ ಸರ್ಕಾರವು ಕೊಂಡಿತು. ಈ ಪ್ರತಿಮೆಗಳು ಸರ್ಕಾರಿ ಕಟ್ಟಡಕ್ಕೆ ಸಲ್ಲುವ ಗಾಂಭೀರ್ಯಕ್ಕೆ ಹೊಂದಲಾರವೆಂದು ಹೇಳಿ, ಅವನ್ನು ತೆಗೆಯಿಸುವ ಇಚ್ಛೆಯನ್ನು ಹೊಸ ಒಡೆಯರು ಪ್ರಕಟಿಸಿದರು. ಪ್ರತಿಭಟನೆಯು ಎದ್ದಿತು. ಪ್ರತಿಮೆಗಳನ್ನು ಉಳಿಸಬೇಕೆಂಬ ಮನವಿಗೆ ರಾಯಲ್ ಅಕಾಡೆಮಿಯ ಅಧ್ಯಕ್ಷನು ಸಹಿಹಾಕಲೊಲ್ಲದೆ ಹೋದಾಗ, ಹಿರಿಯ ಚಿತ್ರಕಾರನಾದ ವಾಲ್ಟರ್ ಸಿಕರ್ಟನು ಆ ಸಂಸ್ಥೆಗೆ ರಾಜೀನಾಮೆಯನ್ನಿತ್ತನು. ವಿಷಯವು ಎರಡು ವರ್ಷ ತಣ್ಣಗಾಯಿತು.

೧೯೩೭ರಲ್ಲಿ ಆರನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕಕ್ಕಾಗಿ ಕಟ್ಟಡವನ್ನು ಅಲಂಕರಿಸಿದ್ದರು. ಆ ಅಲಂಕಾರವನ್ನು ಬಿಚ್ಚುವ ಸಮಯದಲ್ಲಿ ಒಂದು ಪ್ರತಿಮೆಯ ತುಂಡು ಕಳಚಿ ಕೆಳಗೆ ಬಿದ್ದಿತು. ಇದು ಸುಳ್ಳು ನೆಪವಲ್ಲ. ಪೋರ್ಟ್‌ಲ್ಯಾಂಡ್ ಕಲ್ಲು ಸುಣ್ಣಕಲ್ಲಿನ ಜಾತಿಯದು. ಕಲ್ಲಿದ್ದಲಿನ ಹೊಗೆಯಲ್ಲಿರುವ ಗಂಧಕಾಂಶವು ಮಳೆನೀರಿನೊಡನೆ ಸೇರಿ ಆಮ್ಲವಾದಾಗ ಅದು ಸವೆಯುತ್ತದೆ. ಲಂಡನ್ನಿನ ಹೊಗೆಯಲ್ಲಿ ೨೯ ವರ್ಷ ನಿಂತ ಕಲ್ಲಿನಲ್ಲಿ ಮುಂದಕ್ಕೆ ಚಾಚಿದ ಭಾಗಗಳು ಸಡಿಲವಾಗಿರುವುದು ಸಹಜ. ಬೀದಿಯಲ್ಲಿ ನಡೆಯುವವರ ತಲೆಯ ಮೇಲೆ ಕಲ್ಲು ಬೀಳಬಾರದೆಂಬುದೂ ನ್ಯಾಯವಾದ ಮಾತು. ಆದರೆ ಮುಂದೆ ನಡೆದದ್ದು ದುರಸ್ತಿಯಲ್ಲ. ಸಡಿಲವಾದದ್ದನ್ನು ಬಿಗಿಮಾಡಿಸಬಹುದಾಗಿತ್ತು, ಪ್ರತಿಮೆಗಳನ್ನು ಇಳಿಸಿ ಸಂಗ್ರಹಾಲಯಕ್ಕೆ ಒಪ್ಪಿಸಬಹುದಾಗಿತ್ತು, ಶಿಲ್ಪಿಯ ಕೈಗೇ ಕೆಲಸವನ್ನು ಕೊಡಬಹುದಾಗಿತ್ತು. ಇವೊಂದೂ ಆಗಲಿಲ್ಲ. ಮುಖ, ತೋಳು, ಪಾದ, ಗುಹ್ಯಾಂಗ ಎಂದು ಹೊರಚಾಚಿದ್ದೆಲ್ಲವನ್ನೂ ಕಡಿದುಹಾಕಿ, ಮುಂಡಗಳನ್ನು ಗೋಡೆಯಲ್ಲಿಯೇ ಬಿಟ್ಟರು.

ಹಳೆಯ ಓಲೆಗರಿಗಳನ್ನು ಪರಿಶೋಧಿಸುವವರು ಒಂದು ವಿವೇಚನೆಯನ್ನು ಬಲ್ಲರು. ಗರಿಯಲ್ಲಿ ಅಕ್ಷರವು ಇಲ್ಲದಿದ್ದರೆ ಅದನ್ನು ಹುಳು ತಿಂದಿತೋ, ಯಾರಾದರೂ ಕಂಟದಿಂದ ಕೆರೆದರೋ ಎಂಬುದನ್ನು ಮೊದಲು ನೋಡಬೇಕು. ಎರಡೂ ನಷ್ಟಗಳೇ ಆದರೂ ಅವುಗಳ ಅರ್ಥ ಬೇರೆ. ಸ್ಟ್ರ್ಯಾಂಡಿನ ಕಲ್ಲಿನಲ್ಲಿ ಈ ಎರಡು ನಷ್ಟಗಳೂ ಒಂದರ ಮೇಲೊಂದು ಕೂತಿವೆ. ಮಳೆಯೂ ಹೊಗೆಯೂ ಕಲ್ಲನ್ನು ಸಡಿಲಿಸಿದುವು. ಅದು ಕಾಲದ ಕೆಲಸ. ಸಡಿಲವಾದುದನ್ನು ಉಳಿಸದೆ ಕಡಿಯಿಸಿದ್ದು ಮನುಷ್ಯನ ತೀರ್ಮಾನ. ಮುಖವನ್ನೂ ಕಡಿದರಲ್ಲ, ಆದುದರಿಂದ ನಗ್ನತೆಯ ಮೇಲಿನ ದ್ವೇಷವಲ್ಲವೆಂದು ಒಬ್ಬರು ವಾದಿಸಬಹುದು. ೧೯೩೫ರಲ್ಲಿಯೇ ತೆಗೆಯಿಸುವ ಮನಸ್ಸಿದ್ದಿತಲ್ಲ, ಆದುದರಿಂದ ಅಪಾಯವು ನೆಪಮಾತ್ರವೆಂದು ಇನ್ನೊಬ್ಬರು ವಾದಿಸಬಹುದು. ನಮಗೆ ತೋರುವಂತೆ ಎರಡು ಮಾತುಗಳೂ ಅರ್ಧರ್ಧ ಸತ್ಯ. ಬೇಡವಾದ ವಸ್ತುವಿಗೆ ಅಪಾಯವು ಒದಗಿದಾಗ ಯಾರೂ ಅಡ್ಡಬರುವುದಿಲ್ಲ. ನಾಶವಾಗಲು ಅಷ್ಟು ಸಾಕು.

೭

ಈ ಚರಿತ್ರೆಗೆ ಇನ್ನೊಂದು ಮುಖವಿದೆ. ಎರಡು ವರ್ಷಗಳ ಮೇಲೆ, ೧೯೩೯ರಲ್ಲಿ, ಎಪ್‌ಸ್ಟೈನನು 'ಆದಾಮ' ಎಂಬ ಅಲಬಾಸ್ಟರ್ ಕಲ್ಲಿನ ಬೃಹತ್ ನಗ್ನಮೂರ್ತಿಯನ್ನು ಪ್ರದರ್ಶಿಸಿದನು. ಅದು ಒಬ್ಬ ತಮಾಷೆಯ ವ್ಯಾಪಾರಿಯ ಕೈಸೇರಿತು. ಬ್ಲಾಕ್‌ಪೂಲ್ ಎಂಬ ಸಮುದ್ರತೀರದ ವಿಹಾರಸ್ಥಳದಲ್ಲಿ, ಜಾತ್ರೆಯ ವಿಚಿತ್ರಗಳನ್ನು ತೋರಿಸುವಂತೆ, ಹಣ ತೆಗೆದುಕೊಂಡು ಅದನ್ನು ಜನರಿಗೆ ತೋರಿಸಿದನು. ಜನ ಮುಗಿಬಿದ್ದು ನೋಡಿದರು. ೧೯೪೦-೪೧ರಲ್ಲಿ ಕಡೆದ 'ಯಾಕೋಬನೂ ದೇವದೂತನೂ' ಎಂಬ ಕೃತಿಗೂ ಮುಂದೆ ಅದೇ ಊರಿನ ತಮಾಷೆಯ ಮನೆಯೇ ಗತಿಯಾಯಿತು. ಇಂದು ಮೊದಲನೆಯದು ಹೇರ್‌ವುಡ್ ಹೌಸಿನಲ್ಲಿಯೂ ಎರಡನೆಯದು ಟೇಟ್ ಸಂಗ್ರಹದಲ್ಲಿಯೂ ಇವೆ.

ಬೀದಿಯಲ್ಲಿ ಹಣವಿಲ್ಲದೆ ಕಾಣುವ ನಗ್ನದೇಹವು ನೀತಿಗೆ ಕೇಡು. ಪರದೆಯ ಹಿಂದೆ ಹಣ ಕೊಟ್ಟು ಇಣಿಕಿ ನೋಡುವ ನಗ್ನದೇಹವು ವಿನೋದ. ಈ ಎರಡು ನಡತೆಗಳೂ ಪರಸ್ಪರ ವಿರುದ್ಧವೆಂದು ತೋರಿದರೂ ಮೂಲದಲ್ಲಿ ಒಂದೇ. ಎರಡರಲ್ಲಿಯೂ ದೇಹವು ಮುಚ್ಚಿಡಬೇಕಾದ ವಸ್ತು; ನೀತಿಪಾಲಕನು ಮುಚ್ಚುವನು, ವ್ಯಾಪಾರಿಯು ಮುಚ್ಚಿಟ್ಟುದನ್ನು ಮಾರುವನು. ದೇಹವು ಹಗಲ ಬೆಳಕಿನಲ್ಲಿ ನಿಲ್ಲತಕ್ಕದ್ದು, ಅದರಲ್ಲಿ ಮುಚ್ಚುವುದೂ ಇಲ್ಲ ಮಾರುವುದೂ ಇಲ್ಲ ಎಂಬ ೧೯೦೮ರ ಸಂಕಲ್ಪಕ್ಕೆ ಇಬ್ಬರೂ ಸಮಾನವಾಗಿ ಹೊರಗಿನವರು.

ಎಪ್‌ಸ್ಟೈನನಿಗೆ ಕೊನೆಗಾಲದಲ್ಲಿ ಗೌರವಗಳು ಬಂದುವು. ೧೯೫೩ರಲ್ಲಿ ಕ್ಯಾವೆಂಡಿಷ್ ಚೌಕದ ಕ್ರೈಸ್ತ ಸನ್ಯಾಸಿನಿಯರ ಮಠದ ಗೋಡೆಯ ಮೇಲೆ ಅವನ ಸೀಸದ ಮಾತೃಶಿಶುಮೂರ್ತಿಯು ನೆಲೆಗೊಂಡಾಗ ಎಲ್ಲರೂ ಮೆಚ್ಚಿದರು. ಮರುವರ್ಷ ಅವನಿಗೆ 'ಸರ್' ಪದವಿಯು ದೊರೆಯಿತು. ವಿಷಯವು ಹಳೆಯದೇ, ತಾಯ್ತನ; ಸ್ಥಳವೂ ಹಳೆಯ ಬಗೆಯದೇ, ಬೀದಿಗೆ ಮುಖಮಾಡಿದ ಗೋಡೆ. ಆದರೆ ಈ ತಾಯಿಯು ಮೈತುಂಬ ಉಟ್ಟವಳು, ಮತ್ತು ಆಕೆಗೆ ಹೆಸರಿದೆ. ಹೆಸರಿಲ್ಲದ ತಾಯಂದಿರು ಅಲ್ಲಿಂದ ಸ್ವಲ್ಪ ದೂರದ ಸ್ಟ್ರ್ಯಾಂಡಿನ ಗೋಡೆಯಲ್ಲಿ ಮುಖವಿಲ್ಲದೆ ಉಳಿದರು. ರೊಡೇಷಿಯವು ೧೯೮೦ರಲ್ಲಿ ಜಿಂಬಾಬ್ವೆಯೆಂಬ ಹೆಸರಿನಿಂದ ಸ್ವತಂತ್ರವಾದ ಮೇಲೆ ಕಟ್ಟಡಕ್ಕೆ 'ಜಿಂಬಾಬ್ವೆ ಹೌಸ್' ಎಂಬ ಹೆಸರಾಯಿತು. ಒಡೆಯರು ಬದಲಾದರೂ ಪ್ರತಿಮೆಗಳ ಸ್ಥಿತಿಯು ಬದಲಾಗಲಿಲ್ಲ.

ಕಲೆಯಲ್ಲಿ ನಗ್ನತೆಯನ್ನು ಕುರಿತ ನಮ್ಮ ಚರ್ಚೆಗಳು ಅನೇಕವೇಳೆ ಶ್ಲೀಲ, ಅಶ್ಲೀಲ ಎಂಬ ಎರಡು ಮಾತುಗಳಲ್ಲಿಯೇ ಸುತ್ತುತ್ತವೆ. ಸ್ಟ್ರ್ಯಾಂಡಿನ ಪ್ರತಿಮೆಗಳು ಇನ್ನೊಂದು ಪ್ರಶ್ನೆಯನ್ನು ಕೇಳುವಂತೆ ಮಾಡುತ್ತವೆ. ಒಂದು ಸಮಾಜವು ಎಂಥ ದೇಹಗಳನ್ನು ಬೆಳಕಿನಲ್ಲಿ ನೋಡಲು ಸಿದ್ಧವಾಗಿದೆ? ದೇವತೆಯದೂ ವೀರನದೂ ಆದ ದೇಹವನ್ನು ನೋಡಲು ಧೈರ್ಯವು ಬೇಕಾಗಿಲ್ಲ. ಮುದುಕಿಯ, ಬಸುರಿಯ, ಆಗತಾನೆ ಹುಟ್ಟಿದ ಕೂಸಿನ ದೇಹವನ್ನು ಕೇವಲ ಮನುಷ್ಯದೇಹವೆಂದು ನೋಡಿ ತಲೆಬಾಗುವುದಕ್ಕೆ ಹೆಚ್ಚಿನ ಸಂಸ್ಕಾರವು ಬೇಕು. ಲಂಡನ್ನಿಗೆ ೧೯೦೮ರಲ್ಲಿ ಆ ಅವಕಾಶವು ಒದಗಿದ್ದಿತು. ಏಣಿ ಹತ್ತಿ ಹತ್ತಿರದಿಂದ ನೋಡಿದವರು ಅದನ್ನು ಗುರುತಿಸಿದರು. ಕೆಳಗೆ ನಿಂತು ಕೂಗಿದವರಲ್ಲಿ ಬಹುಮಂದಿ ಏಣಿಯನ್ನು ಹತ್ತಲೇ ಇಲ್ಲ.